ಹಳೆಯ ಡೀಸೆಲ್ ವ್ಯಾನ್ ರಿಪೇರಿ: ಡೀಸೆಲ್ ಪಂಪ್ ಬಿಚ್ಚುವ ಮೊದಲು ನೋಡಬೇಕಾದದ್ದೇನು, ಯಾವ ಕ್ರಮದಲ್ಲಿ

ಮಳೆ ನಿಂತು ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯುವ ಹೊತ್ತಿಗೆ ಕೊಡಗಿನಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳುತ್ತದೆ: ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಬ್ಯಾಟರಿ ಹೊಸದು ಹಾಕಿದ್ದಾಯಿತು, ಫಿಲ್ಟರ್ ಬದಲಿಸಿದ್ದಾಯಿತು, ಕೊನೆಗೆ ಇಂಜಿನ್ನಿಗೆ ಡೀಸೆಲ್ ತಳ್ಳುವ ಪಂಪ್ ಬಿಚ್ಚಿ ರಿಪೇರಿಗೆ ಕಳಿಸಿದ್ದೂ ಆಯಿತು. ವಾಪಸ್ ತಂದು ಕೂರಿಸಿದ ಮೇಲೂ ಅದೇ ಪಾಡು. ಇಂಥ ಗಾಡಿಗಳಲ್ಲಿ ಬಹಳಷ್ಟು ಸಲ ದೋಷ ಪಂಪಿನಲ್ಲಿ ಇರುವುದೇ ಇಲ್ಲ. ಫಿಲ್ಟರ್ ತಳದ ರಬ್ಬರ್ ರಿಂಗಿನಲ್ಲೋ, ಬಿರುಕು ಬಿಟ್ಟ ಒಂದು ಗೇಣು ಹೋಸಿನಲ್ಲೋ ಇರುತ್ತದೆ.

ಈ ಬರಹ ಮೆಕ್ಯಾನಿಕಲ್ ಪಂಪಿನ ಹಳೆಯ ಡೀಸೆಲ್ ಗಾಡಿಗಳಿಗೆ: ಕ್ವಾಲಿಸ್, ಹಳೆ ಸುಮೊ, ಮೊದಲಿನ ತವೇರಾ ಮತ್ತು ಇವುಗಳ ಓರಗೆಯವು. ಇನ್ನೋವಾದಂಥ ಕಾಮನ್ ರೈಲ್ ಇಂಜಿನ್‌ಗಳಲ್ಲಿ (ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಭಾರಿ ಒತ್ತಡದ ಡೀಸೆಲ್ ಹೋಗುವಂಥವು) ನೋಜಲ್, ಅಂದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗದ ಪೈಪನ್ನು ಸಡಿಲಿಸುವ ಕೆಲಸ ಮಾಡಲೇಬೇಡಿ. ಅಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, ಡೀಸೆಲ್ ಎಳೆ ಚರ್ಮವನ್ನೇ ಸೀಳಿ ಒಳಗೆ ಹೋಗುತ್ತದೆ. ಬ್ಯಾಟರಿ, ಕೂಲಿಂಗ್, ಬ್ರೇಕಿನ ಭಾಗಗಳು ಹೆಚ್ಚುಕಡಿಮೆ ಎಲ್ಲ ಗಾಡಿಗೂ ಹೊಂದುತ್ತವೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

8ರಿಂದ 19 ಮಿ.ಮೀ.ವರೆಗಿನ ರಿಂಗ್ ಸ್ಪ್ಯಾನರ್‌ಗಳು ಬೇಕು. ನೋಜಲ್ ಪೈಪಿನ ನಟ್ ಸಾಮಾನ್ಯವಾಗಿ 17. ಜೊತೆಗೆ ಒಂದು ಮಲ್ಟಿಮೀಟರ್, 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಒಳವ್ಯಾಸ 8 ಮಿ.ಮೀ. ಇರುವ ಎರಡು ಮೀಟರ್ ಪಾರದರ್ಶಕ ಹೋಸ್, 5 ಲೀಟರಿನ ಶುದ್ಧವಾದ ಕ್ಯಾನ್, ಹೋಸ್ ಕ್ಲಿಪ್‌ಗಳು, ತಾಮ್ರದ ವಾಷರ್‌ಗಳು. ಗಾಡಿ ಎತ್ತುವ ಕೆಲಸಕ್ಕೆ ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡೆ ಕೊಡಲು ಮರದ ತುಂಡು.

ತೋಟದ ಮನೆಗಳಲ್ಲಿ ಸಮತಟ್ಟಾದ ಜಾಗವೆಂದರೆ ಕಾಫಿ ಒಣಗಿಸುವ ಕಣ ಒಂದೇ. ಕೆಲಸವನ್ನು ಅಲ್ಲೇ ಇಟ್ಟುಕೊಳ್ಳಿ, ಇಳಿಜಾರಿನಲ್ಲಿ ಜಾಕ್ ಹಾಕಬೇಡಿ. ಕಣಕ್ಕೆ ಡೀಸೆಲ್ ಬಿದ್ದರೆ ಮುಂದೆ ಹರಡುವ ಕಾಫಿಗೆ ವಾಸನೆ ಹಿಡಿಯುತ್ತದೆ, ಅದಕ್ಕಾಗಿ ಅಡಿಗೆ ಒಂದು ದಪ್ಪ ಟಾರ್ಪಾಲು ಹಾಸಿ.

## ಹಂತ 1: ಏನನ್ನೂ ಬಿಚ್ಚದೆ ಕೀ ತಿರುಗಿಸಿ, ಸೈಲೆನ್ಸರ್ ನೋಡಿ

ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಹಿಂದೆ ನಿಂತು ಸೈಲೆನ್ಸರ್ ಬಾಯನ್ನು ನೋಡಲಿ. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ನಡುವೆ ಅರ್ಧ ನಿಮಿಷವಾದರೂ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಡುತ್ತದೆ.

ಸೆಲ್ಫ್ ತಿರುಗದೆ ಬರೀ ಟಕ್ ಎಂದರೆ, ಅಥವಾ ಎಳೆದು ಎಳೆದು ತಿರುಗಿದರೆ ಹಂತ 2ಕ್ಕೆ ಹೋಗಿ. ಚೆನ್ನಾಗಿ ತಿರುಗಿ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಬರುತ್ತಿದೆ, ಹತ್ತಿಕೊಳ್ಳುತ್ತಿಲ್ಲ ಎಂದು ಅರ್ಥ; ಹಂತ 3. ಚೆನ್ನಾಗಿ ತಿರುಗಿಯೂ ಹೊಗೆಯ ಸುಳಿವೇ ಇಲ್ಲವಾದರೆ ಡೀಸೆಲ್ ಬರುತ್ತಲೇ ಇಲ್ಲ. ನೇರ ಹಂತ 4. ಈ ಒಂದು ನಿಮಿಷದ ಪರೀಕ್ಷೆ ಬಿಟ್ಟವರೇ ಬಿಳಿ ಹೊಗೆ ಬರುವ ಗಾಡಿಗೆ ಫಿಲ್ಟರ್ ಬದಲಿಸುತ್ತಾರೆ, ಹೊಗೆಯೇ ಇಲ್ಲದ ಗಾಡಿಗೆ ಹೀಟರ್ ಪ್ಲಗ್ (ಚಳಿಯಲ್ಲಿ ಸ್ಟಾರ್ಟ್ ಮಾಡಲು ಸಿಲಿಂಡರನ್ನು ಒಳಗೆ ಕಾಯಿಸುವ ಕಡ್ಡಿ) ಕೊಳ್ಳುತ್ತಾರೆ.

ಸ್ಟಾರ್ಟ್ ಆಗದ ಸಿಟ್ಟಿಗೆ ಏರ್ ಕ್ಲೀನರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಪ್ರೇ ಹೊಡೆಯುವುದು ಬೇಡ. ಹೀಟರ್ ಪ್ಲಗ್ ಕೆಂಪಗೆ ಕಾದಿರುವಾಗ ಅದು ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರುವ ಮೊದಲೇ ಸಿಡಿಯುತ್ತದೆ; ಪಿಸ್ಟನ್ ರಿಂಗ್ ಮುರಿಯುವುದೂ ಉಂಟು, ಕೈ ಸುಡುವುದೂ ಉಂಟು.

## ಹಂತ 2: ಬ್ಯಾಟರಿಗಿಂತ ಮೊದಲು ಅರ್ಥ್ ಪಟ್ಟಿ

ಗಾಡಿ ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. 12.6 ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಪೂರ್ತಿ ಚಾರ್ಜ್ ಆದ ಮೇಲೂ ಇಳಿದರೆ ಬ್ಯಾಟರಿ ಸೋತಿದೆ. ಇಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ಎಳೆದರೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಇಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಸಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಇವೆರಡನ್ನು ಸೇರಿಸುವ ಅರ್ಥ್ ಪಟ್ಟಿಯೇ ಕಳ್ಳ. ಇಲ್ಲಿನ ಮಳೆ, ಮಂಜಿಗೆ ಆ ಪಟ್ಟಿಯ ತುದಿ ಹಸಿರು ಹಿಡಿದು ಒಳಗೊಳಗೇ ತಿಂದುಹೋಗಿರುತ್ತದೆ, ಮೇಲಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ. ಬಿಚ್ಚಿ, ಎರಡೂ ತುದಿಯನ್ನು ಎಮರಿ ಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ.

## ಹಂತ 3: ಬಿಳಿ ಹೊಗೆ ಬಂದರೆ ಹೀಟರ್ ಪ್ಲಗ್

ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಕಾಫಿ ಕುಯ್ಯುವವರನ್ನು ಕರೆತರಲು ಹೊರಟಾಗ ಗಾಡಿ ಹಿಡಿಯದೆ, ಬಿಸಿಲೇರಿದ ಮೇಲೆ ಒಂದೇ ಸೆಲ್ಫಿಗೆ ಹಿಡಿದರೆ ಅನುಮಾನ ಇಲ್ಲೇ.

ಪ್ಲಗ್‌ಗಳ ತಲೆಗಳನ್ನು ಸೇರಿಸುವ ಲೋಹದ ಪಟ್ಟಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಕೀ ಆನ್ ಮಾಡಿ. ಲ್ಯಾಂಪ್ ಉರಿಯದಿದ್ದರೆ ಪ್ಲಗ್ ಕೊಳ್ಳಲು ಓಡಬೇಡಿ, ಫ್ಯೂಸ್ ಮತ್ತು ರಿಲೇ ನೋಡಿ. ಉರಿದರೆ ಕೀ ಆಫ್ ಮಾಡಿ ಪಟ್ಟಿಯನ್ನು ಬಿಚ್ಚಿ ತೆಗೆದು, ಒಂದೊಂದೇ ಪ್ಲಗ್ಗಿನ ತಲೆ ಮತ್ತು ಇಂಜಿನ್ ಬ್ಲಾಕಿನ ನಡುವೆ ಓಮ್ ಅಳೆಯಿರಿ. ಒಳ್ಳೆಯ ಪ್ಲಗ್ 2 ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಮೀಟರ್ ಅಲುಗದಿದ್ದರೆ ಆ ಪ್ಲಗ್ ಸತ್ತಿದೆ. ಪಟ್ಟಿ ತೆಗೆಯದೆ ಅಳೆದರೆ ಒಂದು ಬದುಕಿರುವ ಪ್ಲಗ್ ಉಳಿದ ಮೂರಕ್ಕೂ ಸಾಕ್ಷಿ ಹೇಳಿಬಿಡುತ್ತದೆ. ಈ ತಪ್ಪು ಬಹಳ ಸಾಮಾನ್ಯ.

ಪ್ಲಗ್ಗಿಗೆ ಬ್ಯಾಟರಿಯಿಂದ ನೇರ ವಯರ್ ಕೊಟ್ಟು ಕೆಂಪಾಗುತ್ತದೋ ಎಂದು ನೋಡಬೇಡಿ. ಕೆಲವು ಗಾಡಿಗಳ ಪ್ಲಗ್ 12 ವೋಲ್ಟಿನವಲ್ಲ, ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಬಿಚ್ಚುವ ಹಿಂದಿನ ರಾತ್ರಿ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಿ, ಇಂಜಿನ್ ಬೆಚ್ಚಗಿರುವಾಗ ತಿರುಗಿಸಿ. ಬಿಗಿ ಅನ್ನಿಸಿದರೆ ಕಾಲು ಸುತ್ತು ಬಿಚ್ಚಿ, ಮತ್ತೆ ಒಳಗೆ ತಿರುಗಿಸಿ, ಹೀಗೆ ಹಿಂದೆ ಮುಂದೆ ಮಾಡುತ್ತ ತೆಗೆಯಿರಿ. ಪ್ಲಗ್ ಹೆಡ್ಡಿನೊಳಗೆ ಮುರಿದರೆ ಹೆಡ್ ಇಳಿಸುವ ಕೆಲಸವಾಗುತ್ತದೆ.

ನಾಲ್ಕೂ ಪ್ಲಗ್ ಸರಿಯಿದ್ದು, ಬಿಸಿಲಿಗೂ ಬಿಳಿ ಹೊಗೆಯೇ ಬಂದರೆ ಕಂಪ್ರೆಶನ್ ಕಡಿಮೆಯಾಗಿದೆ ಅಥವಾ ಪಂಪಿನ ಟೈಮಿಂಗ್ ಜಾರಿದೆ. ಎರಡೂ ಗ್ಯಾರೇಜಿನ ಕೆಲಸ.

## ಹಂತ 4: ಡೀಸೆಲ್ ಬರುವ ದಾರಿ

ಈ ಭಾಗವನ್ನು ಅವಸರವಿಲ್ಲದೆ ಓದಿ. ಹೆಚ್ಚಿನವರು ಸೋಲುವುದು ಇಲ್ಲೇ, ಅದೂ ಒಂದೇ ಕಾರಣಕ್ಕೆ. ಕ್ವಾಲಿಸ್‌ನಂಥ ರೋಟರಿ ಪಂಪಿನ ಗಾಡಿಗಳಲ್ಲಿ ಟ್ಯಾಂಕಿನಿಂದ ಡೀಸೆಲ್ಲನ್ನು ಯಾರೂ ತಳ್ಳುವುದಿಲ್ಲ, ಪಂಪೇ ಎಳೆದುಕೊಳ್ಳುತ್ತದೆ. ಎಳೆಯುವ ಪೈಪಿನಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿ ಬಿದ್ದಿಲ್ಲ, ಹಾಗಾಗಿ ಪೈಪ್ ಸರಿಯಿದೆ ಎಂದುಕೊಂಡವರು ಪಂಪಿಗೆ ಕೈಹಾಕುತ್ತಾರೆ.

4.1 ಸ್ಟಾಪ್ ಸೊಲೆನಾಯ್ಡ್. ಪಂಪಿನ ಮೇಲೆ ಒಂದೇ ವಯರ್ ಹೋಗುವ ಹೆಬ್ಬೆರಳು ಗಾತ್ರದ ಭಾಗ ಇದು; ಕೀ ಆನ್ ಆದಾಗ ಡೀಸೆಲ್ ದಾರಿ ತೆರೆಯುತ್ತದೆ, ಆಫ್ ಆದಾಗ ಮುಚ್ಚುತ್ತದೆ. ಇಂಜಿನ್ ನಿಲ್ಲಿಸಿಯೇ ಕೀ ಆನ್ ಮಾಡಿ, ವಯರನ್ನು ತೆಗೆದು ಮತ್ತೆ ತಾಗಿಸಿ. ಪ್ರತಿ ಸಲ ಟಿಕ್ ಎನ್ನಬೇಕು. ಟಿಕ್ ಇಲ್ಲದಿದ್ದರೆ ವಯರಿನಲ್ಲಿ 12 ವೋಲ್ಟ್ ಇದೆಯೇ ಅಳೆಯಿರಿ. ಗೋದಾಮಿನ ಪಕ್ಕ ನಿಲ್ಲುವ ಗಾಡಿಗಳಲ್ಲಿ ಇಲಿ ಈ ವಯರ್ ಕಡಿಯುವುದು ಹೊಸತಲ್ಲ.

4.2 ನೀರು. ಫಿಲ್ಟರಿನ ತಳದ ಕಿವಿ (ನೀರು ಇಳಿಸುವ ಸ್ಕ್ರೂ) ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಕಾಲು ಲೀಟರಿನಷ್ಟು ಇಳಿಸಿ. ಐದು ನಿಮಿಷ ಬಿಟ್ಟರೆ ನೀರು ಕೆಳಗೆ, ಡೀಸೆಲ್ ಮೇಲೆ ನಿಲ್ಲುತ್ತದೆ. ನಡುವೆ ಕಪ್ಪು ಲೋಳೆ ಕಂಡರೆ ಟ್ಯಾಂಕಿನಲ್ಲಿ ಪಾಚಿಯಂಥದ್ದು ಬೆಳೆದಿದೆ. ಟ್ಯಾಂಕ್ ಇಳಿಸಿ ತೊಳೆಯದೆ ಗತ್ಯಂತರವಿಲ್ಲ.

ನೀರು ಬರುವ ದಾರಿ ಬಹುತೇಕ ತೋಟದ ಬ್ಯಾರೆಲ್. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಲು ಕೊಡುವ ನೀರಿಗಾಗಿ ಸ್ಪ್ರಿಂಕ್ಲರ್ ಇಂಜಿನ್ನಿಗೆ ತಂದ ಡೀಸೆಲ್ ಉಳಿಯುತ್ತದೆ, ಬ್ಯಾರೆಲ್ ನೆಟ್ಟಗೆ ನಿಂತೇ ಮಳೆಗಾಲ ಕಳೆಯುತ್ತದೆ, ಆಮೇಲೆ ಅದೇ ವ್ಯಾನಿಗೆ ಬೀಳುತ್ತದೆ. ಬ್ಯಾರೆಲ್ಲಿನ ತಲೆಯ ಮೇಲೆ ನಿಂತ ಮಳೆನೀರನ್ನು, ರಾತ್ರಿ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಮುಚ್ಚಳದ ಸಂದಿಯಿಂದ ಹೀರಿಕೊಳ್ಳುತ್ತದೆ. ಮುಚ್ಚಳ ಎಷ್ಟು ಬಿಗಿದಿದ್ದರೂ ಇದು ಆಗುತ್ತದೆ. ಬ್ಯಾರೆಲ್ಲನ್ನು ಸೂರಿನಡಿ ಮಲಗಿಸಿ ಇಡಿ, ಅಥವಾ ನೀರು ಮುಚ್ಚಳಗಳ ಹತ್ತಿರ ನಿಲ್ಲದಂತೆ ಓರೆ ಮಾಡಿ ಇಡಿ. ತಳದ ನಾಲ್ಕು ಬೆರಳು ಡೀಸೆಲ್ಲನ್ನು ವ್ಯಾನಿಗೆ ಹಾಕಬೇಡಿ. ರೋಟರಿ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಆಯಿಲ್. ನೀರು ಹೋದರೆ ತುಕ್ಕು, ಸೀಮೆಎಣ್ಣೆ ಬೆರೆತರೆ ಸವೆತ.

ಕಕ್ಕಡದಲ್ಲಿ (ಕೊಡಗಿನ ಜಡಿಮಳೆಯ ತಿಂಗಳು, ಜುಲೈ-ಆಗಸ್ಟ್) ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ. ಖಾಲಿ ಜಾಗ ಕಡಿಮೆಯಾದಷ್ಟೂ ಒಳಗೋಡೆಯಲ್ಲಿ ಬೆವರು ಕಟ್ಟುವುದು ಕಡಿಮೆ.

4.3 ಫಿಲ್ಟರ್. ಹಳೆಯ ಫಿಲ್ಟರ್ ಬಿಚ್ಚಿ, ತಳದಲ್ಲಿರುವ ನೀರಿನ ಸೆನ್ಸರ್ ಅಥವಾ ಕಿವಿಯನ್ನು ಹೊಸ ಫಿಲ್ಟರಿಗೆ ವರ್ಗಾಯಿಸುವಾಗ ಅದರ ರಬ್ಬರ್ ರಿಂಗನ್ನು ಹೊಸದೇ ಹಾಕಿ. ಹಳೆಯ ರಿಂಗನ್ನು ಬೆಳಕಿಗೆ ಹಿಡಿದು ನೋಡಿ: ದುಂಡಗಿರಬೇಕಾದದ್ದು ಒಂದು ಬದಿ ಚಪ್ಪಟೆಯಾಗಿ, ಉಗುರು ಒತ್ತಿದರೆ ಗೀರು ಉಳಿಯುವಷ್ಟು ಗಡಸಾಗಿರುತ್ತದೆ. ಅದನ್ನೇ ಮತ್ತೆ ಕೂರಿಸಿದರೆ ಗಾಳಿ ಎಳೆಯುತ್ತದೆ. ಫಿಲ್ಟರ್ ಬದಲಿಸಿದ ಮೇಲೆಯೇ ತೊಂದರೆ ಶುರುವಾಯಿತು ಎನ್ನುವ ಗಾಡಿಗಳಲ್ಲಿ ಮೊದಲು ಇದನ್ನೇ ನೋಡಿ.

ಮೇಲಿನ ದೊಡ್ಡ ರಿಂಗಿಗೆ ಡೀಸೆಲ್ ಸವರಿ, ತಾಗುವವರೆಗೆ ಕೈಯಲ್ಲೇ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು. ಸ್ಪ್ಯಾನರ್ ಹಾಕಿ ಬಿಗಿಯಬೇಡಿ, ರಿಂಗ್ ಮಡಚಿಕೊಳ್ಳುತ್ತದೆ. ಹೊಸ ಫಿಲ್ಟರಿನ ನಡುವಿನ ತೂತಿನಿಂದ ಡೀಸೆಲ್ ಹುಯ್ಯುವ ಅಭ್ಯಾಸ ಬಿಡಿ. ಅದು ಶೋಧಿಸಿದ ಡೀಸೆಲ್ ಹೊರಡುವ ಬದಿ. ಕ್ಯಾನಿನ ಕಸ ನೇರ ಪಂಪಿಗೆ ಹೋಗುತ್ತದೆ.

4.4 ಏರ್ ತೆಗೆಯುವುದು. ಫಿಲ್ಟರ್ ತಲೆಯ ಏರ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಮೇಲಿರುವ ಕೈಪಂಪನ್ನು ಒತ್ತಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಬರುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಏರ್ ಸ್ಕ್ರೂ ಇಲ್ಲದ ಗಾಡಿಯಲ್ಲಿ ಪಂಪಿಗೆ ಹೋಗುವ ಹೋಸಿನ ತುದಿಯನ್ನು ಸಡಿಲಿಸಿ ಇದನ್ನೇ ಮಾಡಿ. ಆಮೇಲೂ ಒತ್ತುತ್ತ ಹೋದರೆ ಕೈಪಂಪ್ ಕಲ್ಲಿನಂತೆ ಗಟ್ಟಿಯಾಗಬೇಕು. ನೂರು ಸಲ ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಕೈಪಂಪಿನ ವಾಲ್ವೇ ಹೋಗಿದೆ.

ಇಷ್ಟಕ್ಕೂ ಹಿಡಿಯದಿದ್ದರೆ ಎರಡು ನೋಜಲ್‌ಗಳ ಪೈಪ್ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಮೇಲೆ ಬಟ್ಟೆ ಹೊದಿಸಿ, ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮಿದ ಕೂಡಲೇ ನಿಲ್ಲಿಸಿ ನಟ್ ಬಿಗಿಯಿರಿ, ಉಳಿದ ಎರಡಕ್ಕೂ ಹಾಗೆಯೇ ಮಾಡಿ. ಕೈ, ಮುಖ ದೂರವಿರಲಿ, ಕಣ್ಣಿಗೆ ಕನ್ನಡಕ ಇರಲಿ. ಒತ್ತಡದ ಡೀಸೆಲ್ ಚರ್ಮದೊಳಗೆ ಹೋದರೆ ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು.

4.5 ಕ್ಯಾನಿನ ಪರೀಕ್ಷೆ. ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಇಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಪಾರದರ್ಶಕ ಹೋಸಿನಿಂದ ನೇರ ಪಂಪಿನ ಒಳದಾರಿಗೆ ಕೊಡಿ. ಮಿಕ್ಕ ಡೀಸೆಲ್ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪನ್ನು ಸದ್ಯಕ್ಕೆ ಅದೇ ಕ್ಯಾನಿಗೆ ಇಳಿಸಿ. ಏರ್ ತೆಗೆದು ಸ್ಟಾರ್ಟ್ ಮಾಡಿ.

ಹೀಗೆ ಕೊಟ್ಟಾಗ ಇಂಜಿನ್ ಒಂದೇ ಸಮನೆ ಓಡಿದರೆ ಪಂಪ್ ನಿರ್ದೋಷಿ. ದೋಷ ಟ್ಯಾಂಕಿನಿಂದ ಪಂಪಿನ ಬಾಯಿಯವರೆಗಿನ ದಾರಿಯಲ್ಲಿದೆ. ಈಗ ಕ್ಯಾನ್ ತೆಗೆದು, ಮಾಮೂಲಿ ಪೈಪುಗಳನ್ನು ಕೂಡಿಸಿ, ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ಗೇಣು ಪಾರದರ್ಶಕ ಹೋಸ್ ಹಾಕಿ ಓಡಿಸಿ ನೋಡಿ. ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ ಗಾಳಿ ಎಳೆಯುತ್ತಿದೆ. ಆ ಹೋಸನ್ನು ಫಿಲ್ಟರಿನ ಹಿಂದಕ್ಕೆ ಸ್ಥಳಾಂತರಿಸಿ. ಅಲ್ಲಿ ಗುಳ್ಳೆ ಇಲ್ಲದೆ ಮುಂದೆ ಇದ್ದರೆ ಫಿಲ್ಟರ್ ತಲೆ, ರಿಂಗ್ ಅಥವಾ ಕೈಪಂಪೇ ದೋಷಿ. ಅಲ್ಲೂ ಗುಳ್ಳೆ ಇದ್ದರೆ ಟ್ಯಾಂಕಿನ ಮೇಲಿನ ಹೋಸ್, ಚಾಸಿಸ್ ಉದ್ದಕ್ಕೂ ಹೋಗುವ ಕಬ್ಬಿಣದ ಪೈಪಿನ ತುಕ್ಕು, ಕ್ಲಿಪ್‌ಗಳನ್ನು ಒಂದೊಂದಾಗಿ ನೋಡಿ. ಪೈಪನ್ನು ಚಾಸಿಸ್ಸಿಗೆ ಹಿಡಿದಿರುವ ಕ್ಲಿಪ್ಪಿನ ಅಡಿಯಲ್ಲಿ ಕೆಸರು ನಿಂತು ಅಲ್ಲೇ ತೂತಾಗುವುದು ಹೆಚ್ಚು.

ಗುಳ್ಳೆ ಇಲ್ಲ, ಆದರೆ ಏರುದಾರಿಯಲ್ಲಿ ಎಳೆತವೂ ಇಲ್ಲ, ಹೋಸ್ ಒಳಕ್ಕೆ ಚಪ್ಪಟೆಯಾಗುತ್ತಿದೆ ಎಂದಾದರೆ ಟ್ಯಾಂಕಿನೊಳಗಿನ ಜಾಲರಿ ಕಟ್ಟಿದೆ. ಟ್ಯಾಂಕ್ ಮುಚ್ಚಳವನ್ನು ಒಂದು ಸಲ ತೆರೆದು ನೋಡಿ. ಉಸ್ ಎಂದು ಗಾಳಿ ಒಳಗೆ ಹೋಗಿ ಎಳೆತ ಮರಳಿದರೆ ಮುಚ್ಚಳದ ಗಾಳಿದಾರಿ ಮುಚ್ಚಿದೆ ಅಷ್ಟೇ.

ಇನ್ನೊಂದು ಸುಳಿವು ನಮ್ಮ ಇಳಿಜಾರಿನ ಅಂಗಳಗಳಲ್ಲಿ ತಾನಾಗಿ ಸಿಗುತ್ತದೆ. ಮೂತಿ ಮೇಲೆ ಮಾಡಿ ನಿಲ್ಲಿಸಿದ ರಾತ್ರಿ ಬೆಳಗ್ಗೆ ಸ್ಟಾರ್ಟ್ ಆಗದೆ, ಮೂತಿ ಕೆಳಗಿದ್ದ ರಾತ್ರಿ ಸಲೀಸಾಗಿ ಆದರೆ, ಡೀಸೆಲ್ ರಾತ್ರಿಯಿಡೀ ಟ್ಯಾಂಕಿಗೆ ಹಿಂದೆ ಸರಿಯುತ್ತಿದೆ. ಅಂದರೆ ಮೇಲೆಲ್ಲೋ ಗಾಳಿ ಹೋಗುವಷ್ಟು ಸಂದಿ ಇದೆ.

ನೋಜಲ್‌ಗಳ ನಡುವಿನ ಸಣ್ಣ ರಿಟರ್ನ್ ಹೋಸುಗಳನ್ನೂ ಬಿಡಬೇಡಿ. ಒಳಗೆ ಡೀಸೆಲ್ ಹರಿಯಲು ತೂತಿರುವ ಬ್ಯಾಂಜೋ ಬೋಲ್ಟ್ ಬಿಚ್ಚಿದಾಗಲೆಲ್ಲ ಎರಡೂ ಬದಿಯ ತಾಮ್ರದ ವಾಷರ್ ಹೊಸದಿರಲಿ.

ಕ್ಯಾನಿನಿಂದ ಕೊಟ್ಟಾಗಲೂ ನೋಜಲ್ ನಟ್‌ನಲ್ಲಿ ಡೀಸೆಲ್ ಚಿಮ್ಮದಿದ್ದರೆ, ಸೊಲೆನಾಯ್ಡ್ ಕೂಡ ಸರಿಯಿದ್ದರೆ, ಆಗ ಮಾತ್ರ ಪಂಪ್ ಬಿಚ್ಚುವ ಮಾತು. ಅದಕ್ಕೂ ಮೊದಲು ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಅದು ತುಂಡಾಗಿಲ್ಲವೆಂದು ನೋಡಿ. ಕ್ವಾಲಿಸ್‌ನಲ್ಲಿ ಬೆಲ್ಟ್ ಇದೆ, ಸುಮಾರು ಒಂದು ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ಅದು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಹೊಡೆಯುತ್ತವೆ. ಬೆಲ್ಟ್ ತುಂಡಾದ ಅನುಮಾನ ಬಂದರೆ ಸೆಲ್ಫ್ ಹೊಡೆಯುವುದನ್ನು ತಕ್ಷಣ ನಿಲ್ಲಿಸಿ.

## ಹಂತ 5: ಓಡುವ ಗಾಡಿಯ ಹೊಗೆ ಮತ್ತು ನೋಜಲ್

ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ, ಬೆಳಕು ಕಾಣದಿದ್ದರೆ ಬದಲಿಸಿ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲಂಟ್ ಒಳಗೆ ಹೋಗುತ್ತಿದೆ, ಹಂತ 6 ನೋಡಿ.

ಇಂಜಿನ್ ಕುಂಟಿದರೆ ಐಡ್ಲಿಂಗಿನಲ್ಲಿ ಒಂದೊಂದೇ ನೋಜಲ್ ನಟ್ ಅರ್ಧ ಸುತ್ತು ಸಡಿಲಿಸಿ ಬಿಗಿಯುತ್ತ ಹೋಗಿ. ಕೆಲಸ ಮಾಡುವ ಸಿಲಿಂಡರಿನ ನಟ್ ಬಿಚ್ಚಿದಾಗ ಇಂಜಿನ್ ಇನ್ನಷ್ಟು ಕುಂಟುತ್ತದೆ. ಯಾವುದನ್ನು ಬಿಚ್ಚಿದಾಗ ಏನೂ ವ್ಯತ್ಯಾಸವಾಗುವುದಿಲ್ಲವೋ ಅಲ್ಲೇ ದೋಷ. ಕುಟ್ಟುವ ಸದ್ದು ನಿಂತರೆ ಆ ನೋಜಲ್ ಹನಿ ಬಿಡುತ್ತಿದೆ. ನೋಜಲ್ಲನ್ನು ಟೆಸ್ಟರಿಗೆ ಹಾಕಿ ಒತ್ತಡ ಸರಿಪಡಿಸಿಸಿ. ವಾಪಸ್ ಹಾಕುವಾಗ ಬುಡದ ವಾಷರ್ ಹೊಸದು.

## ಹಂತ 6: ಏರುದಾರಿಯಲ್ಲಿ ಬಿಸಿಯಾದರೆ

ಸಂಪಾಜೆಯಿಂದ ಕೊಯನಾಡು, ಜೋಡುಪಾಲ, ಮದೆನಾಡು ದಾಟಿ ಮಡಿಕೇರಿಗೆ ಏರುವಷ್ಟರಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುವ ಗಾಡಿ ಊರೊಳಗೆ ಓಡಾಡುವಾಗ ಏನೂ ತೋರಿಸದೇ ಇರಬಹುದು. ಯಾವಾಗ ಬಿಸಿಯಾಗುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಇದೆ. ನಿಂತಾಗ ಅಥವಾ ನಿಧಾನ ಏರುವಾಗ ಮಾತ್ರ ಬಿಸಿಯಾದರೆ ಫ್ಯಾನ್ ಕಪ್ಲಿಂಗ್ ಜಾರುತ್ತಿದೆ. ಸಮರಸ್ತೆಯಲ್ಲಿ ವೇಗ ಹಿಡಿದಾಗಲೂ ಏರಿದರೆ ರೇಡಿಯೇಟರ್ ಒಳಗೆ ಕಟ್ಟಿದೆ. ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಾದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ಡಿನ ನಡುವಿನ ಪದರ) ಹೋಗಿದೆ.

ನೋಡುವ ಕ್ರಮ ಹೀಗಿರಲಿ. ಮೊದಲು ತಣ್ಣನೆ ಇಂಜಿನ್ನಿನಲ್ಲಿ ಕೂಲಂಟ್ ಮಟ್ಟ. ಎರಡನೆಯದು ಫ್ಯಾನ್ ಬೆಲ್ಟ್: ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ 10 ಮಿ.ಮೀ. ಆಸುಪಾಸು ತಗ್ಗಬೇಕು. ಮೂರನೆಯದು ರೇಡಿಯೇಟರಿನ ಹೊರಮೈ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಟಾರ್ಚ್ ಬಿಟ್ಟು ನೋಡಿ. ಮೊದಲ ಮಳೆಗೆ ಏಳುವ ಈಸಲಿನ ರೆಕ್ಕೆ, ಕಾಫಿ ತೋಟದ ತರಗು, ಕೆಂಪು ಕೆಸರು ಸೇರಿ ಅಲ್ಲಿ ಕಂಬಳಿಯಂತೆ ಕುಳಿತಿರುತ್ತದೆ. ಮುಂದಿನಿಂದ ಕಾಣುವುದಿಲ್ಲ. ನೀರನ್ನು ಇಂಜಿನ್ ಕಡೆಯಿಂದ ಮುಂದಕ್ಕೆ, ಸಾಧಾರಣ ಒತ್ತಡದಲ್ಲಿ ಬಿಡಿ. ವಾಟರ್ ಸರ್ವಿಸಿನ ಪೈಪನ್ನು ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಆಮೇಲೆ ಥರ್ಮೋಸ್ಟಾಟ್. ತೆಗೆದು, ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಕೆತ್ತಿರುವ ಉಷ್ಣತೆಗೆ, ಸಾಮಾನ್ಯವಾಗಿ 82 ಡಿಗ್ರಿಯ ಹತ್ತಿರ, ತೆರೆಯಲು ಶುರುವಾಗಬೇಕು. ಕುದಿಯುವಷ್ಟರಲ್ಲಿ ಪೂರ್ತಿ ತೆರೆಯಬೇಕು. ಥರ್ಮೋಸ್ಟಾಟನ್ನೇ ಕಿತ್ತು ಗಾಡಿ ಓಡಿಸುವ ಸಲಹೆ ಕೇಳಬೇಡಿ. ನಮ್ಮ ಚಳಿ, ಮಂಜಿನಲ್ಲಿ ಇಂಜಿನ್ ಬಿಸಿಯೇ ಏರದೆ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಆಯಿಲ್ ಕೆಡುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ರೇಡಿಯೇಟರ್ ಮುಚ್ಚಳದ ರಬ್ಬರ್ ಹರಿದಿದ್ದರೆ ಮುಚ್ಚಳ ಬದಲಿಸಿ, ಅದೇ ಒತ್ತಡದ ಗುರುತಿರುವುದನ್ನೇ ಹಾಕಿ. ಕೊನೆಗೆ ಹೆಡ್ ಗ್ಯಾಸ್ಕೆಟ್: ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಕೂಲಂಟಿನಲ್ಲಿ ಬಿಡದೆ ಗುಳ್ಳೆ ಏಳುತ್ತದೆಯೇ ನೋಡಿ. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಆ ಗಾಡಿಯನ್ನು ಇನ್ನೊಂದು ಮೈಲಿಯೂ ಓಡಿಸಬಾರದು.

ದಾರಿಯಲ್ಲೇ ಕೆಂಪಿಗೆ ಬಂದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬದಿಗೆ ನಿಲ್ಲಿಸಿ. ಕೂಲಂಟ್ ಸೋರಿಲ್ಲದಿದ್ದರೆ ಇಂಜಿನ್ ಕೆಲವು ನಿಮಿಷ ಐಡ್ಲಿಂಗಿನಲ್ಲಿ ಇರಲಿ. ಹಬೆ ಎದ್ದಿದ್ದರೆ, ನೀರು ಹೋಗಿದ್ದರೆ, ಬೆಲ್ಟ್ ತುಂಡಾಗಿದ್ದರೆ ಕೂಡಲೇ ಆಫ್ ಮಾಡಿ. ಮುಕ್ಕಾಲು ಗಂಟೆ ಕಾಯದೆ ಮುಚ್ಚಳ ಮುಟ್ಟಬೇಡಿ. ಕಾದ ಇಂಜಿನ್ನಿಗೆ ತೊರೆಯ ತಣ್ಣೀರು ಹುಯ್ದರೆ ಹೆಡ್ ಬಿರುಕು ಬಿಡುತ್ತದೆ. ಆರಿದ ಮೇಲೆ ತೊರೆಯ ನೀರಿನಲ್ಲೇ ಮನೆ ಸೇರಬಹುದು, ಆಮೇಲೆ ಅದನ್ನು ಪೂರ್ತಿ ಇಳಿಸಿ ಸರಿಯಾದ ಕೂಲಂಟ್ ತುಂಬಿ.

## ಹಂತ 7: ಬ್ರೇಕ್, ಇಳಿಯುವ ಮೊದಲು

ಡೀಸೆಲ್ ಇಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ (ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಭಾಗ) ಬೇಕಾದ ವ್ಯಾಕ್ಯೂಮ್ ತಾನಾಗಿ ಹುಟ್ಟುವುದಿಲ್ಲ, ಅದಕ್ಕೆ ಬೇರೆ ಪಂಪ್ ಇದೆ. ಹಳೆಯ ಗಾಡಿಗಳಲ್ಲಿ ಅದು ಬಹುತೇಕ ಡೈನಮೋ ಬೆನ್ನಿಗೆ ಅಂಟಿಕೊಂಡಿರುತ್ತದೆ. ಇದರ ಪರಿಣಾಮವನ್ನು ಘಾಟಿಯಲ್ಲಿ ಓಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕು: ಡೈನಮೋ ಬೆಲ್ಟ್ ತುಂಡಾದರೆ ಚಾರ್ಜ್ ಹೋಗುತ್ತದೆ, ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಕೂಲಿಂಗ್ ಹೋಗುತ್ತದೆ, ಬ್ರೇಕಿನ ಬಲವೂ ಹೋಗುತ್ತದೆ. ಮಾಕುಟ್ಟದ ಇಳಿಜಾರಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿದರೆ ಅದನ್ನು ಬ್ಯಾಟರಿಯ ವಿಷಯವೆಂದು ಬಿಟ್ಟು ಮುಂದುವರಿಯಬೇಡಿ. ಬೂಸ್ಟರಿನಲ್ಲಿ ಉಳಿದಿರುವುದು ಎರಡು ಮೂರು ಸಲ ಒತ್ತುವಷ್ಟು ಬಲ ಮಾತ್ರ. ಪೆಡಲ್ಲನ್ನು ಒತ್ತಿ ಬಿಟ್ಟು ಮಾಡದೆ, ಒಂದೇ ಸಲ ಗಟ್ಟಿಯಾಗಿ ಒತ್ತಿಹಿಡಿದು, ಗೇರ್ ಇಳಿಸಿ, ಬೆಟ್ಟದ ಬದಿಗೆ ನಿಲ್ಲಿಸಿ.

ಬೂಸ್ಟರ್ ಪರೀಕ್ಷೆ. ಇಂಜಿನ್ ಆಫ್ ಇರುವಾಗ ಪೆಡಲ್ ಐದಾರು ಸಲ ಒತ್ತಿ ಗಟ್ಟಿ ಮಾಡಿ. ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಾರಿದರೆ ವ್ಯಾಕ್ಯೂಮ್ ಬರುತ್ತಿದೆ. ಜಾರದಿದ್ದರೆ ಹೋಸ್, ಅದರ ನಡುವಿನ ಒಂದು-ಕಡೆ ವಾಲ್ವ್, ಆಮೇಲೆ ವ್ಯಾಕ್ಯೂಮ್ ಪಂಪ್ ನೋಡಿ. ಈ ಪಂಪಿಗೆ ಇಂಜಿನ್ ಆಯಿಲ್ ಬರುತ್ತದೆ. ಅದರ ಸೀಲ್ ಹೋದರೆ ಆಯಿಲ್ ಡೈನಮೋ ಒಳಗೆ ಇಳಿದು ಕಾರ್ಬನ್ ಬ್ರಷ್ ಕೆಡುತ್ತದೆ. ಚಾರ್ಜ್ ಕಡಿಮೆ, ಪೆಡಲ್ ಗಟ್ಟಿ, ಎರಡೂ ಒಟ್ಟಿಗೆ ಬಂದರೆ ಡೈನಮೋ ಮಾತ್ರ ರಿಪೇರಿ ಮಾಡಿಸಿ ಸುಮ್ಮನಾಗಬೇಡಿ, ಸೀಲ್ ಬದಲಿಸದಿದ್ದರೆ ತಿಂಗಳೊಳಗೆ ಮತ್ತೆ ಅದೇ ಆಗುತ್ತದೆ.

ಪೆಡಲ್ ಹೇಳುವುದು. ಸ್ಪಂಜಿನಂತಿದ್ದರೆ ಲೈನಿನಲ್ಲಿ ಏರ್ ಇದೆ. ಒತ್ತಿಹಿಡಿದಾಗ ನಿಧಾನವಾಗಿ ಕೆಳಗೆ ಹೋದರೆ, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರ್. ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆದರೆ ಕ್ಯಾಲಿಪರ್ ಪಿನ್ ಹಿಡಿದಿದೆ ಅಥವಾ ಒಂದು ಚಕ್ರಕ್ಕೆ ಎಣ್ಣೆ ತಾಗಿದೆ. ಹಿಂದಿನ ಚಕ್ರದ ಒಳಬದಿ ಒದ್ದೆ ಕಂಡರೆ ಡ್ರಮ್ ತೆಗೆದು ವೀಲ್ ಸಿಲಿಂಡರ್ ನೋಡಿ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವುದು ಬೇಡ, ಬಿಸಿಯಾದಾಗ ಎಣ್ಣೆ ಮತ್ತೆ ಹೊರಗೆ ಬರುತ್ತದೆ. ಮುಂದಿನ ಪ್ಯಾಡ್ 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ.

ಬ್ರೇಕ್ ಆಯಿಲ್. ಇದು ಗಾಳಿಯ ತೇವ ಹೀರುತ್ತದೆ, ಕೊಡಗಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದು. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಉದ್ದದ ಇಳಿತದಲ್ಲಿ ಅದು ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ತೆರೆದಿಟ್ಟ ಹಳೆ ಡಬ್ಬಿಯದು ಬಳಸಬೇಡಿ.

ಏರ್ ತೆಗೆಯುವ ಕ್ರಮ. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಒಬ್ಬರು ಪೆಡಲ್ ಒತ್ತಿಹಿಡಿಯಲಿ, ಇನ್ನೊಬ್ಬರು ನಿಪ್ಪಲ್ ತೆರೆದು ಮುಚ್ಚಲಿ. ಮುಚ್ಚುವ ಮೊದಲು ಪೆಡಲ್ ಬಿಡಬಾರದು. ಮಾಸ್ಟರ್ ಸಿಲಿಂಡರಿನ ಮೇಲಿನ ಡಬ್ಬಿಯ ಮಟ್ಟವನ್ನು ನಾಲ್ಕೈದು ಒತ್ತಿಗೊಮ್ಮೆ ನೋಡಿ ತುಂಬಿಸಿ. ಒಮ್ಮೆ ಖಾಲಿಯಾದರೆ ಮೊದಲಿನಿಂದ ಶುರು.

ಇಳಿಯುವಾಗ ಏರಲು ಯಾವ ಗೇರ್ ಬೇಕಿತ್ತೋ ಅದೇ ಗೇರ್. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಇಂಜಿನ್ ಆಫ್ ಮಾಡುವುದು ಪ್ರಾಣಕ್ಕೆ ಎರವು: ಇಂಜಿನ್ ನಿಂತರೆ ವ್ಯಾಕ್ಯೂಮ್ ಪಂಪೂ ನಿಲ್ಲುತ್ತದೆ, ಪವರ್ ಸ್ಟಿಯರಿಂಗ್ ಕೂಡ ಹೋಗುತ್ತದೆ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಚಕ್ರಕ್ಕೆ ಕಲ್ಲು ಕೊಡಿ, ಕಾದ ಡ್ರಮ್ಮಿಗೆ ನೀರು ಹುಯ್ಯಬೇಡಿ.

ಬ್ರೇಕ್ ಕೆಲಸ ಮುಗಿದ ದಿನವೇ ಭಾಗಮಂಡಲದಿಂದ ತಲಕಾವೇರಿಗೆ ಜನ ತುಂಬಿಕೊಂಡು ಹೊರಡಬೇಡಿ. ಮೊದಲು ಖಾಲಿ ಗಾಡಿಯಲ್ಲಿ, ಸಮರಸ್ತೆಯಲ್ಲಿ, 20 ಕಿ.ಮೀ. ವೇಗದಲ್ಲಿ ಹತ್ತು ಸಲ ಬ್ರೇಕ್ ಹಾಕಿ ನೋಡಿ. ಆಮೇಲೆ ಐದಾರು ಕಿಲೋಮೀಟರ್ ಬ್ರೇಕನ್ನು ಆದಷ್ಟು ಮುಟ್ಟದೆ ಓಡಿಸಿ ನಿಲ್ಲಿಸಿ, ಅಂಗೈಯನ್ನು ನಾಲ್ಕು ಚಕ್ರಗಳ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಹೆಚ್ಚು ಕಾದಿದ್ದರೆ ಅದರ ಬ್ರೇಕ್ ಬಿಡುತ್ತಿಲ್ಲ. ಅದನ್ನು ಮತ್ತೆ ಬಿಚ್ಚಿ, ಪಿನ್ ಮತ್ತು ಲೈನರ್ ಅಡ್ಜಸ್ಟ್‌ಮೆಂಟ್ ನೋಡಿ, ಅದು ಸರಿಯಾದ ಮೇಲೆಯೇ ಘಾಟಿಗೆ ಇಳಿಸಿ.